ಡಿಸೋಜ ಎಂಬ ಹೆಸರಿನ ಗುರುತು

“ಪ್ರೋಗ್ರಾಂನಲ್ಲಿ ತಪ್ಪಿಲ್ಲವೆಂದು ಗೊತ್ತಾದ ಮೇಲೆ ಅದನ್ನು ಬರೆದವನ ಹೊಣೆ ಮುಗಿಯಿತಲ್ಲವೇ ಗುರುಗಳೇ?” ಎಂದು ಸುಕೇಶ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಎಂಜಿನಿಯರ್ ಒಂದು ಆಸ್ಪತ್ರೆಗೆ ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟ. ಗುಮಾಸ್ತ ಪ್ರೋಗ್ರಾಂನ ಹೆಸರು, ಅದರ ಮುಂದೆ ರೋಗಿಯ ಹೆಸರು, ಎರಡನ್ನೂ ಇಂಗ್ಲಿಷಿನಲ್ಲಿ ಒಂದೇ ಸಾಲಿನಲ್ಲಿ ಟೈಪ್ ಮಾಡಬೇಕು. ಆಪರೇಷನ್ ಯಾವ ದಿನ ಎಂಬುದು ಪರದೆಯ ಮೇಲೆ ಬರುತ್ತದೆ.

ಬೆನೆಡಿಕ್ಟಾ ಎಂಬ ಹೆಂಗಸು ಗಂಡನ ಆಪರೇಷನ್ ದಿನ ಕೇಳಲು ಬಂದಳು. ಗಂಡ ಸಿಲ್ವೆಸ್ಟರ್ ಡಿಸೋಜ. ಇಂಗ್ಲಿಷಿನಲ್ಲಿ ಡಿಸೋಜ ಎಂದು ಬರೆಯುವಾಗ ಮೊದಲ ಅಕ್ಷರದ ಪಕ್ಕ ಮೇಲುಗಡೆ ಒಂದು ಸಣ್ಣ ಗುರುತು ಬರುತ್ತದೆ. ಗುಮಾಸ್ತ ಹೆಸರನ್ನು ಟೈಪ್ ಮಾಡಿದ. ಉತ್ತರ ಬರಲಿಲ್ಲ. ತಪ್ಪಾಗಿದೆ ಎಂದೂ ಬರಲಿಲ್ಲ. ಯಂತ್ರ ಸುಮ್ಮನಿತ್ತು.

“ನಾಳೆ ಬನ್ನಿ ಅಮ್ಮಾ,” ಎಂದ ಗುಮಾಸ್ತ.

ಅವಳು ಮರುದಿನ ಬಂದಳು. ಅದರ ಮರುದಿನವೂ ಬಂದಳು. ಗುಮಾಸ್ತ ಎಂಜಿನಿಯರನಿಗೆ ಫೋನ್ ಮಾಡಿದ. ಅವನು ಪಟ್ಟಿಯಿಂದ ಹತ್ತು ಹೆಸರು ಹಾಕಿ ನೋಡಿದ. ಹತ್ತಕ್ಕೂ ಉತ್ತರ ಬಂತು.

“ನನ್ನ ಪ್ರೋಗ್ರಾಂ ಸರಿಯಾಗಿದೆ. ನೀವು ಸರಿಯಾಗಿ ಟೈಪ್ ಮಾಡಿ,” ಎಂದ. ಯಾವ ಹೆಸರಿಗೆ ಹೀಗಾಗುತ್ತಿದೆ ಎಂದು ಕೇಳಲಿಲ್ಲ.

ವಾರದ ನಂತರ ಅವನು ಬೇರೆ ಕೆಲಸಕ್ಕೆ ಬಂದಾಗ ಗುಮಾಸ್ತ ಅವನನ್ನೇ ಕೂರಿಸಿ ಆ ಹೆಸರನ್ನು ಟೈಪ್ ಮಾಡಿಸಿದ. ಯಂತ್ರ ಮತ್ತೆ ಸುಮ್ಮನಾಯಿತು. ಪ್ರೋಗ್ರಾಂ ತನಗೆ ಬಂದ ಹೆಸರನ್ನು ಮೊದಲು ತೋರಿಸುವಂತೆ ಅವನು ಅದಕ್ಕೆ ಒಂದು ಸಾಲು ಸೇರಿಸಿದ. ಆಗಲೂ ಏನೂ ಕಾಣಲಿಲ್ಲ. ಪ್ರೋಗ್ರಾಂ ಶುರುವೇ ಆಗಿರಲಿಲ್ಲ. ಟೈಪ್ ಮಾಡಿದ್ದನ್ನು ಮೊದಲು ಓದಿ, ಆಮೇಲೆ ಪ್ರೋಗ್ರಾಂ ಶುರುಮಾಡುವುದು ಯಂತ್ರದಲ್ಲೇ ಇರುವ ಶೆಲ್ ಎಂಬ ಇನ್ನೊಂದು ವ್ಯವಸ್ಥೆ. ಆ ಗುರುತನ್ನು ಒಂಟಿ ಉದ್ಧರಣ ಚಿಹ್ನೆ ಎಂದುಕೊಂಡ ಶೆಲ್, ಉದ್ಧರಣೆ ಆರಂಭವಾಯಿತೆಂದು ತಿಳಿದು, ಮುಗಿಸುವ ಗುರುತಿಗಾಗಿ ಕಾಯುತ್ತಿತ್ತು. ಹೆಸರು ಪ್ರೋಗ್ರಾಂವರೆಗೆ ತಲುಪಿರಲೇ ಇಲ್ಲ.

ಅವನು ಹೆಸರಿನ ಎರಡೂ ಕಡೆ ಜೋಡಿ ಉದ್ಧರಣ ಚಿಹ್ನೆ ಹಾಕಿದ. ತಕ್ಷಣ ದಿನಾಂಕ ಬಂತು. ಅದು ಹಿಂದಿನ ಮಂಗಳವಾರದ್ದು.

ಮುಂದಿನ ಸರದಿ ಎರಡು ತಿಂಗಳಾದ ಮೇಲೆ ಎಂದು ಆಸ್ಪತ್ರೆಯವರು ಹೇಳಿದರು. ಸಿಲ್ವೆಸ್ಟರ್ ಅಷ್ಟು ದಿನ ಉಳಿಯಲಿಲ್ಲ. ಹೆಸರಿನಲ್ಲಿದ್ದ ಗುರುತಿನಿಂದ ಹೀಗಾಯಿತೆಂದು ಗುಮಾಸ್ತ ಬೆನೆಡಿಕ್ಟಾಗೆ ತಿಳಿಸಿದ. ಅವಳು ತಲೆಯಾಡಿಸಿ ಹೊರಟುಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಅವಳು ಯಾರ ಮೇಲೂ ದೂರು ಕೊಡಲಿಲ್ಲವೇ?” ಎಂದು ಸುಕೇಶ ಕೇಳಿದ.

“ಇಲ್ಲ. ಶಾಲೆಗೆ ಹೋಗಿ, ಮಗಳ ಹೆಸರಿನಲ್ಲೂ ಇದ್ದ ಆ ಗುರುತನ್ನು ತೆಗೆಸಿದಳು,” ಎಂದರು ಗುರುಗಳು.