ಬಾಗದ ಬಿಲ್ಲು

ಬಿಲ್ಲು ಕಟ್ಟುವ ಗಾದ್ರಯ್ಯನ ಕೈ ಎಂಥದ್ದು ಅಂದರೆ, ಅವನ ಬಿಲ್ಲಿನಿಂದ ಹಾರಿದ ಬಾಣ ನೆಲಕ್ಕೆ ಬಿದ್ದದ್ದನ್ನು ಕಂಡವರೇ ಇಲ್ಲ. ಒಮ್ಮೆ ಅವನು ಊರಿನ ಪಾಳೆಗಾರನಿಗೆಂದು ಹೊಸ ಬಿಲ್ಲಿನ ಬಿದಿರು ತೋಳುಗಳನ್ನು ಕೆಂಡಕ್ಕೆ ಕಾಯಿಸಿ ಬಾಗಿಸುತ್ತಿದ್ದಾಗ, ಅದನ್ನು ಕಂಡ ಪಾಳೆಗಾರ ಗುಡುಗಿದ: "ಎಲಾ ಗಾದ್ರ, ನನ್ನ ಮನೆಯದು ಯಾವುದೂ ಬಾಗಕೂಡದು! ಬಿಲ್ಲಿನ ತೋಳು ಬಾಗಿತೋ, ನಿನ್ನ ತೋಳು ಕತ್ತರಿಸ್ತೀನಿ!"

ಗಾದ್ರಯ್ಯ ತೋಳು ಬಿಟ್ಟುಕೊಡೋ ಆಸಾಮಿಯಲ್ಲ. ಒನಕೆಯಂಥ ನೆಟ್ಟನೆ ಮರಕ್ಕೆ ಬಿಗಿಯಾಗಿ ಹೆದೆ ಕಟ್ಟಿ, ತುಂಬಿದ ಸಭೆಯಲ್ಲೇ ಕೊಟ್ಟ.

ಪಾಳೆಗಾರ ಎಳೆದ. ಹಲ್ಲು ಕಚ್ಚಿ ಎಳೆದ. ಬಿಲ್ಲು ಮಿಸುಕಲಿಲ್ಲ. ಅವನ ಬೆನ್ನೇ ಬಾಗಿ, ರುಮಾಲು ಗಾದ್ರಯ್ಯನ ಪಾದಕ್ಕೆ ಉರುಳಿತು.

"ಒಡೆಯಾ, ಬಾಣ ಹಾರಬೇಕಾದರೆ ಇಬ್ಬರಲ್ಲಿ ಒಬ್ಬರು ಬಾಗಲೇಬೇಕು," ಅಂದ ಗಾದ್ರಯ್ಯ, ಕೈಮುಗಿದು. "ಯಾರು ಅಂತ ಅಪ್ಪಣೆಯಾಗಲಿ."

ಪಾಳೆಗಾರ ರುಮಾಲು ಸುತ್ತಿಕೊಳ್ಳುತ್ತಾ ಗೊಣಗಿದ: "ಬಿಲ್ಲೇ ಬಾಗಲಿ ಕಣೋ. ತುದಿ ಮಾತ್ರ ನನ್ನ ಮೀಸೆ ಹಾಗೆ ಹೊರಕ್ಕೆ ತಿರುಗಿರಲಿ!"