ದೇಮವ್ವನ ಹರವು

ಕರೇಕಲ್ಲ ದುರ್ಗದ ತೆಂಕಣ ಮಗ್ಗುಲಲ್ಲಿ ಕೋಟೆಗೋಡೆಯ ಬುಡದಿಂದ ಇಳಿಜಾರಾಗಿ ಹರಡಿಕೊಂಡ ಒಂದು ಹಾಸುಬಂಡೆಯಿದೆ. ಎರಡು ಕಣ ಕೂಡಿಸಿದಷ್ಟು ಅಗಲ, ಬಣ್ಣ ಕಪ್ಪು, ಮಧ್ಯಾಹ್ನದ ಹೊತ್ತಿಗೆ ಬರಿಗಾಲಿಡುವಂತಿಲ್ಲ. ಊರವರು ಅದನ್ನು ದೇಮವ್ವನ ಹರವು ಎನ್ನುತ್ತಾರೆ. ಒಗೆದ ಬಟ್ಟೆಯನ್ನು ಒಣಗಲು ಹರಡುವ ಜಾಗಕ್ಕೆ ಈ ಕಡೆ ಹರವು ಎಂದೇ ಹೆಸರು, ಬಟ್ಟೆಗೆ ಅರಿವಿ ಎಂದು. ಐದಾರು ವರ್ಷಗಳ ಹಿಂದೆ ಆಡು ಕಾಯುವವರನ್ನು ಬಿಟ್ಟರೆ ಅಲ್ಲಿಗೆ ಯಾರೂ ಹತ್ತುತ್ತಿರಲಿಲ್ಲ. ಈಗ ಭಾನುವಾರ ಬಂತೆಂದರೆ ಬುಡದಲ್ಲಿ ಬೈಕು ನಿಲ್ಲಿಸಲು ಜಾಗವಿಲ್ಲ. ಅದಕ್ಕೆಲ್ಲ ಒಂದು ಚಿತ್ರಕಥೆ ಕಾರಣ. ಜಪಾನಿನ ಮಾಂಗಾಗಳ ಧಾಟಿಯಲ್ಲಿ, ಪಾಳೆಯಗಾರರ ಕಾಲವನ್ನು ಕುರಿತು ಹದಿನಾಲ್ಕು ಸಂಪುಟಗಳಲ್ಲಿ ಬಂದ ಆ ಕಥೆಯ ಒಂಬತ್ತನೆಯ ಸಂಪುಟದಲ್ಲಿ ಕಥಾನಾಯಕ ಇದೇ ಬಂಡೆಯ ಮೇಲೆ ಮೂವರನ್ನು ಒಬ್ಬನೇ ಎದುರಿಸುತ್ತಾನೆ. ಓದಿದವರು ಪುಸ್ತಕ ತೆರೆದು ಹಿಡಿದು, ಪುಟದ ಗೋಡೆಗೂ ಕಣ್ಣೆದುರಿನ ಗೋಡೆಗೂ ತಾಳೆ ನೋಡಿ, ನಾಯಕ ನಿಂತಲ್ಲೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅವನಂತೆಯೇ ಎಗರಲು ಹೋಗಿ ಮಂಡಿ ಕೆತ್ತಿಸಿಕೊಂಡು ಇಳಿದ ಶೂರರೂ ಉಂಟು. ಆದರೆ ಅದೇ ಚಿತ್ರದಲ್ಲಿ, ನಾಯಕನ ಕಾಲ ಹಿಂದೆ, ಬಂಡೆಯ ತುಂಬ ಮುಷ್ಟಿಗಾತ್ರದ ಕಲ್ಲುಗಳು ನಾಲ್ಕು ನಾಲ್ಕಾಗಿ ಸಾಲು ಹಿಡಿದಿವೆ. ಚಿತ್ರ ಬರೆದಾತ ಇಲ್ಲಿ ಮೂರು ದಿನ ಕೂತು ಕಂಡದ್ದನ್ನೆಲ್ಲ ಗೀಚಿಕೊಂಡು ಹೋದವನು. ಕಲ್ಲುಗಳ ಅರ್ಥವನ್ನು ಅವನು ಕೇಳಲಿಲ್ಲ, ಕಂಡದ್ದನ್ನು ಬಿಡಲೂ ಇಲ್ಲ. ಓದುಗರಲ್ಲಿ ನೂರಕ್ಕೊಬ್ಬರು ಅದನ್ನು ಗಮನಿಸಿ ಇವೇನು ಎಂದು ಕೇಳುತ್ತಾರೆ. ಹಾಗೆ ಕೇಳಿದವರನ್ನು ಮಾತ್ರ ಕೋಟೆ ಕಾಯುವ ಯಂಕಪ್ಪಜ್ಜ ನೆರಳಿಗೆ ಕರೆದು ಕೂರಿಸಿ ಈ ಐತಿಹ್ಯ ಹೇಳುತ್ತಾನೆ.

ಹಿಂದೆ ಒಮ್ಮೆ, ಗುಡ್ಡಕ್ಕೊಬ್ಬ ನಾಯಕನಿದ್ದ ಕಾಲದಲ್ಲಿ, ಹೊಳೆಯಾಚೆಯ ಪಾಳೆಪಟ್ಟಿನ ದಳವಾಯಿ ಮಲ್ಲರಸನು ಕಡು ಬೇಸಿಗೆಯಲ್ಲಿ ಈ ದುರ್ಗಕ್ಕೆ ಮುತ್ತಿಗೆ ಹಾಕಿದನಂತೆ. ದಂಡು ಎಂದಮೇಲೆ ಕಮ್ಮಾರರು, ಅಡುಗೆಯವರು, ಮಡಿವಾಳರು ಎಲ್ಲರೂ ಹಿಂದೆ ಹೋಗಬೇಕು. ಹಾಗೆ ಬಂದ ಮಡಿವಾಳರಲ್ಲಿ ಹಾಲಪ್ಪ ಎಂಬವನಿದ್ದ. ದೂರದ ಬಟ್ಟೆಯ ಎಳೆಯನ್ನೂ ಗುರುತಿಸುವ ಕಣ್ಣು ಅವನದು. ದಳವಾಯಿ ಬಲು ಚಾಣಾಕ್ಷ. ಕೋಟೆಯೊಳಗೆ ಎಷ್ಟು ಆಳುಗಳಿದ್ದಾರೆಂದು ತಿಳಿಯಲು ಗೂಢಚಾರರನ್ನು ಕಳಿಸಿ ಕಳೆದುಕೊಳ್ಳುವ ಬದಲು, ದಿನವೂ ಬೆಳಗ್ಗೆ ಹಾಲಪ್ಪನನ್ನು ಹುಣಸೆಮರದ ಬುಡದಲ್ಲಿ ನಿಲ್ಲಿಸಿ, ಮೇಲಿನ ಹಾಸುಬಂಡೆಯಲ್ಲಿ ಆಗಷ್ಟೇ ಹರವಿದ ರುಮಾಲು ಎಷ್ಟು, ಧೋತರ ಎಷ್ಟು ಎಂದು ಕೇಳುತ್ತಿದ್ದ. ಉಡುವವರಿಲ್ಲದೆ ಒಗೆಯುವವರಿಲ್ಲ ಎಂಬುದು ಅವನ ಎಣಿಕೆ.

ಹಾಲಪ್ಪನಿಗೆ ಈ ಕೆಲಸ ಗಂಟಲಲ್ಲಿ ಮುಳ್ಳು ಸಿಕ್ಕಂತಾಗಿತ್ತು. ಅವನ ಬೆನ್ನಿಗೆ ಬಿದ್ದ ತಂಗಿ ದೇಮವ್ವನನ್ನು ಕೊಟ್ಟದ್ದು ಇದೇ ದುರ್ಗದ ಮಡಿವಾಳರ ಮನೆಗೆ. ದಳವಾಯಿಗೆ ಅದು ಗೊತ್ತಿರಲಿಲ್ಲ. ಗೊತ್ತಾದರೆ ತನ್ನ ತಲೆ ಹೋಗುತ್ತದೆ ಎಂದು ಹಾಲಪ್ಪ ಬಾಯಿಬಿಟ್ಟಿರಲಿಲ್ಲ. ಮೇಲಿನ ಹರವು ತಂಗಿಯದೇ ಎಂಬುದನ್ನು ಅವನು ಮೊದಲ ದಿನವೇ ಕಂಡುಕೊಂಡಿದ್ದ. ಉಳಿದವರೆಲ್ಲ ಎಡದಿಂದ ಬಲಕ್ಕೆ ಹರವಿದರೆ ಇವರ ಮನೆಯವರು ಬಲದಿಂದ ಎಡಕ್ಕೆ ಹರವುವವರು, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚನ್ನು ನಾಲ್ಕು ಬೆರಳು ಏರಿಸುವವರು. ಇಬ್ಬರಿಗೂ ಅವ್ವ ಕಲಿಸಿದ್ದ ರೂಢಿ ಅದು. ಕೆಳಗೆ ಹಳ್ಳದ ದಂಡೆಯಲ್ಲಿ ದಂಡಿನ ಬಟ್ಟೆಗಳನ್ನು ಹಾಲಪ್ಪನೂ ಹಾಗೆಯೇ ಹರವುತ್ತಿದ್ದ. ಲೆಕ್ಕ ಒಪ್ಪಿಸಿದ ಮಾತ್ರಕ್ಕೆ ಯಾರ ಕೊರಳೂ ಹೋಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ದಿನವೂ ಎಣಿಸಿ, "ಇನ್ನೂರಾ ಹನ್ನೆರಡು ಅದಾವ್ರೀ ದೊರೀ" ಎನ್ನುತ್ತಿದ್ದ.

ಇಪ್ಪತ್ತು ದಿನ ಕಳೆಯಿತು. ತೋಪಿನ ಗುಂಡು ಗೋಡೆಯ ಮೇಲಿನವರನ್ನು ಕೆಡವುವುದನ್ನು ದಂಡಿನವರೇ ಕಣ್ಣಾರೆ ಕಾಣುತ್ತಿದ್ದರು. ಆದರೂ ಬಂಡೆಯ ಮೇಲಿನ ಲೆಕ್ಕ ಒಂದೂ ಇಳಿಯಲಿಲ್ಲ. ದಳವಾಯಿಗೆ ತಲೆ ಕೆಟ್ಟಿತು. ಹಾಲಪ್ಪನಿಗೆ ಮಾತ್ರ ಬೇರೊಂದು ಕಾಣತೊಡಗಿತ್ತು. ಕೆಳಗಿನ ಸಾಲಿನ ಮೊದಲಲ್ಲಿ ಒಂದು ಹಸಿರಂಚಿನ ಧೋತರ. ಅದನ್ನು ತಂಗಿಯ ಮದುವೆಯಲ್ಲಿ ಭಾವನಿಗೆ ಉಡುಗೊರೆಯೆಂದು ತಂದವನು ಅವನೇ. ಹಬ್ಬಕ್ಕೊಮ್ಮೆ ಉಡುವ ಆ ಧೋತರ ಆರು ದಿನಗಳಿಂದ ಬೆಳಗಾದರೆ ಅಲ್ಲಿ ಮಲಗಿರುತ್ತಿತ್ತು. ಬದುಕಿದ ಗಂಡಸು ಒಂದೇ ಧೋತರವನ್ನು ದಿನಾ ಒಗೆಯಲು ಹಾಕುವುದುಂಟೆ? ಸತ್ತವನ ಬಟ್ಟೆ ಮಡಿವಾಳರ ಪಾಲಿಗೆ ಬರುತ್ತದೆ, ಅದು ಅವರ ಹಕ್ಕು. ಆದರೆ ಅದನ್ನು ಬದುಕಿದವರ ಬಟ್ಟೆಯ ಸಾಲಿನಲ್ಲಿ ಹರವುವುದನ್ನು ಅವರ ಕುಲದಲ್ಲಿ ಯಾರೂ ಮಾಡಿದ್ದಿಲ್ಲ. ದೇಮವ್ವ ಮಾಡುತ್ತಿದ್ದಳು. ಸತ್ತವರನ್ನೆಲ್ಲ ದಿನವೂ ಬೆಳಗ್ಗೆ ಬಂಡೆಯ ಮೇಲೆ ಬದುಕಿಸಿ ಲೆಕ್ಕಕ್ಕೆ ನಿಲ್ಲಿಸುತ್ತಿದ್ದಳು, ಎಲ್ಲರಿಗಿಂತ ಮೊದಲು ತನ್ನ ಗಂಡನನ್ನೇ. ಭಾವ ಹೋದನೆಂದು ಹಾಲಪ್ಪ ಅಳುವ ಹಾಗೂ ಇರಲಿಲ್ಲ, ಪಕ್ಕದಲ್ಲಿ ದಳವಾಯಿ ನಿಂತಿದ್ದ. ಕಣ್ಣಿಗೆ ಬಿಸಿಲು ಹೊಡೆದವನಂತೆ ಉಜ್ಜಿಕೊಂಡು, "ಇನ್ನೂರಾ ಹನ್ನೆರಡು" ಎಂದ.

ಇಪ್ಪತ್ತೇಳನೆಯ ದಿನ ಮಳೆಗಾಲದ ಮೋಡಗಳು ಪಡುವಲಲ್ಲಿ ಕಾಣಿಸಿಕೊಂಡವು, ಹಿಂದಿನ ದಿನ ಎದ್ದ ಗಾಳಿ ಜೋರಾಯಿತು. ದಳವಾಯಿಗೆ ಅದು ಒಳ್ಳೆಯ ಶಕುನವಲ್ಲ. ಮಳೆ ಹಿಡಿದರೆ ಬೆನ್ನ ಹಿಂದಿನ ಹೊಳೆ ತುಂಬಿ ಊರಿನ ದಾರಿ ಮುಚ್ಚುತ್ತದೆ. ದಂಡಿನಲ್ಲಿ ಆಗಲೇ ಒಂದೇ ಹೊತ್ತಿನ ಊಟ ನಡೆದಿತ್ತು. ಅವನು ಅಂದು ಬೆಳಗ್ಗೆ ಸಿಟ್ಟಿನಿಂದಲೇ ಮರದ ಬುಡಕ್ಕೆ ಬಂದು ಹೇಳಿದ: "ಇವತ್ತ ಒಂದು ತೀರ್ಮಾನ ಆಗಬೇಕು. ಮ್ಯಾಲಿನವರು ನಿತ್ರಾಣ ಆಗ್ಯಾರ ಅನ್ನೋದಾದ್ರ ಈಗ ಏಣಿ ಹಾಕಿಸಿ ಹತ್ತತೀನಿ. ಹತ್ತಿದ ಮ್ಯಾಲ ಕೂಸು ಕುನ್ನಿ ಅಂತ ನೋಡಂಗಿಲ್ಲ, ಒಬ್ಬರನ್ನೂ ಉಳಸಂಗಿಲ್ಲ. ಗಟ್ಟಿ ಅದಾರ ಅನ್ನೋದಾದ್ರ ನಾಳೆ ದಂಡು ಎತ್ತತೀನಿ. ನೋಡಿ ಹೇಳು."

ಹಾಲಪ್ಪ ನೋಡಿದ. ಬಟ್ಟೆಗಳು ಎಂದಿನಂತೆ ಇನ್ನೂರ ಹನ್ನೆರಡು. ಆದರೆ ಒಂದೊಂದರ ನಾಲ್ಕು ಮೂಲೆಗೂ ನಾಲ್ಕು ಕಲ್ಲು. ಒದ್ದೆ ಬಟ್ಟೆ ಬಂಡೆಯನ್ನು ಕಚ್ಚಿ ಹಿಡಿಯುತ್ತದೆ. ಎಂಥ ಗಾಳಿಗೂ ಅದು ಕೂಡಲೇ ಏಳುವುದಿಲ್ಲ. ಆಗಷ್ಟೇ ಹರವಿದ ಬಟ್ಟೆಗೆ ಕಲ್ಲಿಟ್ಟ ಮಡಿವಾಳರನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಕಲ್ಲಿಟ್ಟಿದ್ದಾಳೆ ಎಂದರೆ ಬಟ್ಟೆ ಒಣಗಿದೆ. ಬಟ್ಟೆ ಒಣಗಿದೆ ಎಂದರೆ ಮಳೆನೀರು ನಿಲ್ಲುವ ಕೋಟೆಯ ದೊಣೆಯಲ್ಲಿ ನೀರಿಲ್ಲ. ಬಂಡೆಯ ಇಳಿಜಾರಿನಲ್ಲಿ ದಿನವೂ ಕಾಣುತ್ತಿದ್ದ ನೀರಿನ ಗೀರುಗಳೂ ಅಂದು ಇರಲಿಲ್ಲ. ಒಗೆಯುವುದಿರಲಿ, ಕುಡಿಯುವುದಕ್ಕೂ ಇಲ್ಲದೆ ಅವರು ಹೇಗೆ ಇದ್ದಾರೋ! ಎಲ್ಲ ಬಿಟ್ಟು ಕಲ್ಲಿಡಲು ಹೋದಳಲ್ಲ ಈ ಹುಚ್ಚಿ, ಮಡಿವಾಳರ ಮನೆಯಲ್ಲಿ ಹುಟ್ಟಿಯೂ ಇಷ್ಟು ತಿಳಿಯಲಿಲ್ಲವೆ ಎಂದು ಅವನಿಗೆ ತಂಗಿಯ ಮೇಲೆ ಅಳುವಷ್ಟು ಕೋಪ ಬಂತು.

"ಇನ್ನೂರಾ ಹನ್ನೆರಡು ದೊರೀ."

ದಳವಾಯಿ ಹಣೆಗೆ ಕೈ ಅಡ್ಡ ಹಿಡಿದು ತಾನೂ ನೋಡುತ್ತಿದ್ದ. "ಮೂಲಿಗೆ ಏನೋ ಇಟ್ಟಾರಲ್ಲೋ. ಕಲ್ಲೇನು ಅವು?"

"ಹೌದ್ರಿ. ಗಾಳಿ ಐತಲ್ರೀ."

"ನಿನ್ನೆನೂ ಗಾಳಿ ಇತ್ತು. ನಿನ್ನೆ ಯಾಕ ಕಲ್ಲಿರಲಿಲ್ಲ?"

ದಳವಾಯಿ ಬಂಡೆಯಿಂದ ಕಣ್ಣು ತೆಗೆದು ಹಾಲಪ್ಪನ ಮುಖದ ಮೇಲಿಟ್ಟ. ಹಿಂದೆ ಏಣಿ ಹೊತ್ತವರು ಸಾಲಾಗಿ ನಿಂತಿದ್ದರು, ಅವರ ಉಸಿರು ಕೇಳುತ್ತಿತ್ತು. ತಡವರಿಸಿದರೂ ಸಾಕು, ಮೇಲೆ ಇರುವವರೆಲ್ಲ ಹೋದಂತೆಯೇ. ಏನೂ ತೋಚದೆ ಅವನು ಮತ್ತೆ ಬಂಡೆಯನ್ನೇ ನೋಡಿದ. ಆಗ, ಹೆಣ್ಣುಮಕ್ಕಳ ಮದುವೆಯ ಹಿಂದಿನ ದಿನ ಅವ್ವ ದೊಡ್ಡವರ ರುಮಾಲುಗಳಿಗೆ ಮಾಡುತ್ತಿದ್ದ ಕೆಲಸವೊಂದು ನೆನಪಾಯಿತಂತೆ.

"ಗಂಜಿ ಹಾಕ್ಯಾರ್ರೀ ದೊರೀ," ಎಂದ. ತನ್ನ ದನಿ ತನಗೇ ಬೇರೆಯವರದೆನಿಸಿತು. "ಬರೀ ನೀರಿನ ಅರಿವಿ ಕಲ್ಲಿಗೆ ಅಂಟತಾವ. ಗಂಜಿ ಹಾಕಿದ್ದು ಸೆಟದು ಮ್ಯಾಲಕ್ಕ ಏಳತಾವ, ಅದಕ್ಕ ನಾಕೂ ಮೂಲಿಗೆ ಕಲ್ಲ ಹೇರಬೇಕು. ಮ್ಯಾಲ ಏನರ ಹಬ್ಬ ಇರಬೇಕ್ರಿ."

"ಗಂಜಿ?" ದಳವಾಯಿಯ ಮುಖ ಕಪ್ಪಿಟ್ಟಿತು. ತನ್ನ ಆಳುಗಳು ಒಂದು ಹೊತ್ತು ಉಂಡು ಒಂದು ಹೊತ್ತು ಹೊಟ್ಟೆಗೆ ಬಟ್ಟೆ ಬಿಗಿದುಕೊಂಡಿರುವಾಗ ಮೇಲಿನವರು ರುಮಾಲಿಗೆ ಅನ್ನದ ಗಂಜಿ ಕುಡಿಸುತ್ತಿದ್ದಾರೆ! ಏಣಿ ಹೊತ್ತವರಲ್ಲಿ ಗುಸುಗುಸು ಎದ್ದಿತು. ಆದರೂ ಅವನು ಸುಲಭಕ್ಕೆ ನಂಬುವವನಲ್ಲ. ಹಾಲಪ್ಪನನ್ನು ಹಳ್ಳದ ದಂಡೆಗೆ ಕರೆದೊಯ್ದು, ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಲ್ಲಿಸಿದ. "ಇದನ್ನ ಮುಟ್ಟಿ ಹೇಳು."

ಕಲ್ಲು ಮುಟ್ಟಿ ಸುಳ್ಳಾಣೆ ಮಾಡಿದ ಮಡಿವಾಳ ಮತ್ತೆ ಯಾವ ಕಲ್ಲಿಗೂ ಬಟ್ಟೆ ಬೀಸುವಂತಿಲ್ಲ. ಬೀಸಿದರೆ ಆ ಬಟ್ಟೆ ಉಟ್ಟವರ ಮನೆ ಉದ್ಧಾರವಾಗುವುದಿಲ್ಲವೆಂದು ಅವರ ನಂಬಿಕೆ. ಹಾಲಪ್ಪನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಆ ಕಲ್ಲನ್ನೇ ದೇವರೆಂದು ಪೂಜಿಸಿ ಅನ್ನ ಉಂಡವರು. ಅವನು ಎರಡೂ ಅಂಗೈಗಳನ್ನು ಕಲ್ಲಿನ ಮೇಲೆ ಊರಿ ಭಾರ ಹಾಕಿದ. "ಅವು ಗಂಜಿ ಹಾಕಿದ ಅರಿವೀನ," ಎಂದ. "ನಮ್ಮ ಕುಲದ ಮಾಚಯ್ಯನ ಆಣಿ." ಮರುದಿನ ಬೆಳಕು ಹರಿಯುವ ಹೊತ್ತಿಗೆ ದಂಡು ಡೇರೆ ಕಿತ್ತಿತು ಎನ್ನುತ್ತಾರೆ.

ಒಗೆದ ಬಟ್ಟೆ ಇನ್ನೂ ಒಣಗಿಲ್ಲ ಎಂಬ ನೆವ ಹೇಳಿ ಹಾಲಪ್ಪ ಹಿಂದುಳಿದ. ದಂಡಿನ ಧೂಳು ಅಡಗಿದ ಮೇಲೆ ಒಂದು ಕೊಡ ನೀರು ಹೊತ್ತು ಗುಡ್ಡ ಹತ್ತಿದ. ಹತ್ತುತ್ತಿದ್ದಾಗಲೇ ಮೊದಲ ಮಳೆಯ ದಪ್ಪ ಹನಿಗಳು ಬಿದ್ದವು. ಬಾಗಿಲು ತೆಗೆದವರಲ್ಲಿ ನಿಲ್ಲುವ ಶಕ್ತಿಯಿದ್ದ ಗಂಡಸರು ಹತ್ತೊಂಬತ್ತೇ ಮಂದಿ. ಉಳಿದವರು ಹೆಂಗಸರು, ಮಕ್ಕಳು. ಅವರೆಲ್ಲ ಬಾಯಿ ತೆರೆದು ಆಕಾಶಕ್ಕೆ ಮುಖ ಮಾಡಿ ನಿಂತಿದ್ದರು. ದೇಮವ್ವ ಬಂಡೆಯ ಮೇಲೆ ಕೂತಿದ್ದಳು. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಅವಳ ಸುತ್ತ ಇನ್ನೂರ ಹನ್ನೆರಡು ಬಟ್ಟೆಗಳು ಮಳೆಗೆ ತೋಯ್ದು, ಕಡೆಗೂ ಬಂಡೆಯನ್ನು ಕಚ್ಚಿಕೊಳ್ಳುತ್ತಿದ್ದವು. ಹಾಲಪ್ಪ ಬೊಗಸೆಯಲ್ಲಿ ನೀರು ಕುಡಿಸಿದ. ಕುಡಿಸಿದ್ದೇ ತಡ, ಹಿಂದಿನ ದಿನದಿಂದ ತಡೆದಿಟ್ಟ ಕೋಪವೆಲ್ಲ ಹೊರಬಿತ್ತು.

"ಅಲ್ಲಬೇ ದೇಮೀ, ಒಣಾ ಅರಿವಿಗೆ ಕಲ್ಲಿಟ್ರ ಕೆಳಗಿನವ್ರಿಗೆ ತಿಳಿಯಂಗಿಲ್ಲೇನು? ನಿನ್ನ ಬುದ್ಧಿ ಎಲ್ಲಿ ಹೋಗಿತ್ತು?"

ದೇಮವ್ವ ಅವನ ಕೈ ಬಿಡದೆ ಹೇಳಿದಳಂತೆ: "ಇಡದಿದ್ರ ಹಾರಾಡತಿದ್ವು ಯಣ್ಣಾ. ಹಾರಾಡಿದ್ರ ಕಣ್ಣಿದ್ದವ್ರಿಗೆಲ್ಲಾ ತಿಳೀತಿತ್ತು. ಕಲ್ಲಿಟ್ರ ಒಬ್ಬ ಮಡಿವಾಳಗ ಅಷ್ಟ ತಿಳೀತೈತಿ. ಹಳ್ಳದ ದಂಡಿ ಮ್ಯಾಲ ನೀ ಬಲಕ್ಕಿಂದ ಎಡಕ್ಕ ಹರವೋದನ್ನ ಮೊದಲನೇ ದಿನಾನ ಕಂಡಿದ್ದೆ. ದಿನಾ ಹುಣಸಿಮರದ ಬುಡಕ ನಿಂತು ಮ್ಯಾಲ ನೋಡಾವ ನೀನ, ನೀನ ಎಣಸತಿ ಅಂತ ಗೊತ್ತಿತ್ತು. ಅದಕ್ಕ ನಿನಗ ಬಿಟ್ಟೆ."

ಹಾಲಪ್ಪ ಮಳೆಯಲ್ಲೇ ಕೂತು, ಹಸಿರಂಚಿನ ಧೋತರವನ್ನು ಮಡಿಲಿಗೆ ಎಳೆದುಕೊಂಡು, ಅಷ್ಟು ದಿನ ಅಳದದ್ದನ್ನೆಲ್ಲ ಅತ್ತ.

ಅವನು ಊರಿಗೆ ಮರಳಲಿಲ್ಲ, ಮತ್ತೆ ಕಲ್ಲಿಗೆ ಬಟ್ಟೆ ಬೀಸಲೂ ಇಲ್ಲ. ದುರ್ಗದಲ್ಲೇ ಉಳಿದ. ತಂಗಿ ಒಗೆದಳು, ಅಣ್ಣ ಹರವಿದ. ಹರವುವಾಗ ಒದ್ದೆ ಬಟ್ಟೆಯೇ ಇರಲಿ, ಪ್ರತಿಯೊಂದರ ಮೂಲೆಗೂ ನಾಲ್ಕು ಕಲ್ಲಿಡದೆ ಬಿಡುತ್ತಿರಲಿಲ್ಲ. ನೋಡಿದವರು ನಗುತ್ತಿದ್ದರು, ಅವನು ಮುಂದಿನ ಬಟ್ಟೆಗೆ ಕಲ್ಲು ಆರಿಸುತ್ತಿದ್ದ. ಬಂಡೆಗೆ ಅವನ ಹೆಸರಿಡಲು ದುರ್ಗದ ನಾಯಕ ಮುಂದಾದಾಗ, ಸುಳ್ಳಾಣೆ ಮಾಡಿದವನ ಹೆಸರು ಬೇಡ ಎಂದು ಕೈಮುಗಿದನಂತೆ. ಹಾಗಾಗಿ ಅದು ದೇಮವ್ವನ ಹರವಾಯಿತು.

ಕೋಟೆ ಹಾಳುಬಿದ್ದು, ನಾಯಕರ ಮನೆತನ ಹೇಳಹೆಸರಿಲ್ಲದಂತಾಗಿ ಎಷ್ಟೋ ಕಾಲವಾಯಿತು. ಕಲ್ಲುಗಳು ಮಾತ್ರ ನಾಲ್ಕು ನಾಲ್ಕಾಗಿ ಹಾಗೆಯೇ ಇವೆ. ಆಡುಗಳು ಉರುಳಿಸಿದ್ದನ್ನು ಊರವರು ಮತ್ತೆ ಇದ್ದಲ್ಲಿಗೇ ತಂದಿಡುತ್ತಾರೆ. ಕೆಳಗಿನ ಸಾಲಿನ ಮೊದಲ ನಾಲ್ಕನ್ನು, ಹಸಿರಂಚಿನ ಧೋತರದ ಜಾಗವನ್ನು, ತೋರಿಸುವಾಗ ಯಂಕಪ್ಪಜ್ಜ ರುಮಾಲು ತೆಗೆಯುತ್ತಾನೆ. ಈಚೆಗೆ ಒಂದು ಭಾನುವಾರ ಹುಬ್ಬಳ್ಳಿಯ ಕಡೆಯ ಹುಡುಗಿಯೊಬ್ಬಳು ಒಂಬತ್ತನೆಯ ಸಂಪುಟವನ್ನು ಅಲ್ಲಿ ಬಿಡಿಸಿಟ್ಟು ಫೋಟೊ ತೆಗೆಯಹೊರಟಳು. ಗಾಳಿಗೆ ಪುಟಗಳು ಪಟಪಟನೆ ಮಗುಚಿದವು. ಹೇರಲೆಂದು ಅವಳು ಪಕ್ಕದ ಕಲ್ಲಿಗೆ ಕೈಹಾಕಿದಳು.

"ಅದನ್ನ ಎತ್ತಬ್ಯಾಡವಾ," ಎಂದು ಅಜ್ಜ ನೆರಳಿನಿಂದಲೇ ಕೂಗಿದ. "ಅದರ ಕೆಳಗ ಅರಿವಿ ಐತಿ."

ಹುಡುಗಿ ಬರಿಯ ಬಂಡೆಯನ್ನು ನೋಡಿದಳು. ಆಮೇಲೆ ಪುಸ್ತಕವನ್ನು ಎತ್ತಿಕೊಂಡು ಎದೆಗೊತ್ತಿ ಹಿಡಿದು, ಸಾಲುಗಳ ನಡುವೆ ಕಾಲಿಡಲು ಜಾಗ ನೋಡಿಕೊಳ್ಳುತ್ತ, ಮೆಲ್ಲಗೆ ಈಚೆ ಬಂದಳು.