ಕೂಡದ ಕಲ್ಲಿನ ದಿಬ್ಬ

ಬಾಲ್ಟಿಕ್ ಸಮುದ್ರದ ಒಂದು ದ್ವೀಪದಲ್ಲಿ, ದಡದಿಂದ ಕೂಗಳತೆಯ ದೂರದಲ್ಲಿ, ಒಂದು ಬೋಳು ದಿಬ್ಬವಿದೆ. ಮರವಿಲ್ಲ, ಮಂಟಪವಿಲ್ಲ; ಇರುವುದು ಕುರಿ ಮೇಯುವ ಹುಲ್ಲು, ಉಪ್ಪುಗಾಳಿ, ನೆತ್ತಿಯಲ್ಲಿ ಒಂದರ ಮೇಲೊಂದು ಕೂತ ಬೀಸುವ ಕಲ್ಲಿನ ಎರಡು ಹೋಳು. ಊರವರು ಇದನ್ನು ಕೂಡದ ಕಲ್ಲಿನ ದಿಬ್ಬ ಎನ್ನುತ್ತಾರೆ. ರೋಮ್ ನಗರವನ್ನೇ ನಡುಗಿಸಿದ ಗೋಥ್ ಜನ ಹೊರಟದ್ದು ಇಲ್ಲಿಂದಲೇ ಎಂದು ಪಕ್ಕದ ಫಲಕ ಎದೆ ತಟ್ಟಿಕೊಳ್ಳುತ್ತದೆ. ಅಲ್ಲವೇ ಅಲ್ಲ, ಅವರು ಹುಟ್ಟಿದ್ದೂ ಬೆಳೆದದ್ದೂ ಸಮುದ್ರದಾಚೆಯ ನದಿಬಯಲಿನಲ್ಲಿ, ರಾಜ್ಯ ಕಟ್ಟಿದ್ದು ಇನ್ನೂ ದಕ್ಷಿಣದಲ್ಲಿ ಎಂದು ಹಟ ಹಿಡಿಯುವ ಪಂಡಿತರೂ ಇದ್ದಾರೆ. ಫಲಕವನ್ನಾಗಲಿ ಪಂಡಿತರನ್ನಾಗಲಿ ಪೂರ್ತಿ ನಂಬುವುದು ಕಷ್ಟ. ದಿಬ್ಬದ ಹೆಸರಿಗೆ ಮಾತ್ರ ಊರಿನ ಹಿರಿಯರು ಬೇರೆಯೇ ಕಾರಣ ಹೇಳುತ್ತಾರೆ.

ಹಿಂದೆ ಒಮ್ಮೆ ದ್ವೀಪದಲ್ಲಿ ಉಣ್ಣುವ ಬಾಯಿಗಳು ಹೆಚ್ಚಾಗಿ ಕಾಳು ಸಾಲದೆ ಹೋಯಿತಂತೆ. ಕಡ್ಡಿ ಎತ್ತಿ, ಮೂರು ಮನೆಗೆ ಒಂದರಂತೆ, ಗಿಡ್ಡ ಕಡ್ಡಿ ಬಂದ ಮನೆ ದೋಣಿ ಹತ್ತಬೇಕೆಂದು ತೀರ್ಮಾನವಾಯಿತು. ಹೊರಡುವವರು ಬೀಸುವ ಕಲ್ಲಿನ ಮೇಲಿನ ಹೋಳನ್ನು ಒಯ್ಯಬೇಕು, ಉಳಿಯುವ ಬಂಧುಗಳು ಕೆಳಗಿನದನ್ನು ಇಟ್ಟುಕೊಳ್ಳಬೇಕು. ಎಂದಾದರೂ ಅವರ ಕುಡಿ ಮರಳಿ ಬಂದು ಕಲ್ಲು ಕೂಡಿದರೆ, ಅವರ ಪಾಲಿನ ನೆಲ ಅವರದು. ಸಿಗ್ನಿ ಎಂಬಾಕೆಯ ತಂಗಿ ರೂನಾಳ ಕೈಗೆ ಗಿಡ್ಡ ಕಡ್ಡಿ ಬಂತು. ರೂನಾ ಮೇಲಿನ ಕಲ್ಲು ಹೊತ್ತು ಹೋದಳು. ಸಿಗ್ನಿ ಉಳಿದ ಕಲ್ಲಿಗೆ ಬೇರೊಂದನ್ನು ಹೊಂದಿಸಿಕೊಂಡು ಮೂವತ್ತು ವರ್ಷ ಬಾರ್ಲಿ ಬೀಸಿದಳು.

ಅಷ್ಟರಲ್ಲಿ, ಹೋದವರು ದೂರದಲ್ಲಿ ದೊಡ್ಡ ಜನವಾಗಿ ಬೆಳೆದರೆಂಬ ಸುದ್ದಿ ಹಬ್ಬಿತು. ನಾವೂ ಅವರ ಕಡೆಯವರೇ ಎಂದು ನೆಲ ಕೇಳಿಕೊಂಡು ಬರುವವರೂ ಹೆಚ್ಚಾದರು. ಒಬ್ಬನಂತೂ ದಡದಲ್ಲೇ ಆಯ್ದ ಕಲ್ಲನ್ನು ತಂದು ತೋರಿಸಿದ್ದ. ಹೊಸ ಮುಖ ಕಂಡರೆ ಸಾಕು, ಸಿಗ್ನಿಯ ಹುಬ್ಬು ಗಂಟಾಗುತ್ತಿತ್ತು. ಅಂಥದರಲ್ಲಿ ಚಳಿ ಹತ್ತಿರವಾದ ಒಂದು ದಿನ, ಆಸಾ ಎಂಬ ಬಡಕಲು ಹೆಂಗಸು ಬೆನ್ನಿಗೆ ಕಲ್ಲು ಕಟ್ಟಿಕೊಂಡು, ಎರಡು ಪುಟ್ಟ ಮಕ್ಕಳೊಂದಿಗೆ ಬಂದು ಅಂಗಳದಲ್ಲಿ ನಿಂತಳು.

“ನಾನು ರೂನಾಳ ಮಗಳು, ದೊಡ್ಡಮ್ಮ. ಅಮ್ಮ ತೀರ್ಕೊಂಡ್ಳು. ಏನು ಬಿಟ್ರೂ ಕಲ್ಲು ಬಿಡಬೇಡ ಅಂದಿದ್ಲು.”

“ದೊಡ್ಡಮ್ಮ ಅಂತ ಆಮೇಲೆ ಕರೆಯುವಿಯಂತೆ. ಮೊದಲು ಕಲ್ಲು ಇಳಿಸು” ಎಂದಳು ಸಿಗ್ನಿ. ಆ ಗಲ್ಲ ತಂಗಿಯದೇ ಎನಿಸಿ ಅವಳ ಜೀವ ಹಾತೊರೆಯಿತು; ಅದಕ್ಕೇ ಅವಳಿಗೆ ತನ್ನ ಕಣ್ಣಿನ ಮೇಲೂ ಅನುಮಾನ ಬಂತು. ಊರೆಲ್ಲ ನೋಡುತ್ತಿದ್ದಂತೆ ಕಲ್ಲಿನ ಮೇಲೆ ಕಲ್ಲಿಟ್ಟು ತಿರುಗಿಸಿದಳು. ಅದು ಗಡಗಡ ಅಲ್ಲಾಡಿತು.

“ಕೂಡಲಿಲ್ಲ. ನೀನು ನಮ್ಮವಳಲ್ಲ.”

“ಇದನ್ನ ಹೊತ್ತು ಸಾಕಾಯ್ತು ದೊಡ್ಡಮ್ಮ, ಇಲ್ಲೇ ಇರಲಿ” ಎಂದು ಆಸಾ ಮಕ್ಕಳ ಕೈ ಹಿಡಿದು ದೋಣಿಯ ಕಡೆ ನಡೆದಳು.

ಮರುದಿನ ಬೆಳಿಗ್ಗೆ ಸಿಗ್ನಿ ಆ ಕಲ್ಲನ್ನು ಪಕ್ಕಕ್ಕೆ ಸರಿಸಿ, ತನ್ನ ಹಳೆಯ ಮೇಲ್ಗಲ್ಲನ್ನಿಟ್ಟು ಬೀಸತೊಡಗಿದಳು. ಅದು ನುಣ್ಣಗೆ ತಿರುಗಿತು. ಏಕೆ ತಿರುಗದು? ಮೂವತ್ತು ವರ್ಷ ಉಜ್ಜಿ ಉಜ್ಜಿ ಕೆಳಗಿನ ಕಲ್ಲು ಇದರ ಮೈಗೇ ಒಗ್ಗಿಹೋಗಿತ್ತು. ರೂನಾಳೇ ಎದ್ದು ಬಂದರೂ ಅವಳ ಕಲ್ಲು ಈಗ ಇದಕ್ಕೆ ಕೂಡುವಂತಿರಲಿಲ್ಲ. ಸಿಗ್ನಿ ಹಿಟ್ಟಿನ ಕೈಯಲ್ಲೇ ದಿಬ್ಬದ ನೆತ್ತಿಗೆ ಓಡಿದಳು, ಗಂಟಲು ಹರಿಯುವಂತೆ ಕೂಗಿದಳು. ಸಮುದ್ರ ಬರಿದಾಗಿತ್ತು. ಬಂದವಳು ತಂಗಿಯ ಮಗಳೇ ಹೌದೋ ಅಲ್ಲವೋ, ಆಮೇಲೂ ಯಾರಿಗೂ ತಿಳಿಯಲಿಲ್ಲ. ಸಿಗ್ನಿ ಆಸಾ ಬಿಟ್ಟುಹೋದ ಕಲ್ಲನ್ನೂ ತನ್ನ ಕೆಳಗಿನ ಕಲ್ಲನ್ನೂ ದಿಬ್ಬಕ್ಕೆ ಹೊರಿಸಿ, ಸಾಯುವವರೆಗೆ ಬಾರ್ಲಿಯನ್ನು ಬೀಸದೆ ಬೇಯಿಸಿಯೇ ಉಂಡಳು ಎನ್ನುತ್ತಾರೆ.

ಇಂದಿಗೂ ನೋಡಲು ಬಂದವರು ಗೂಟ ಹಿಡಿದು ಒಂದು ಸುತ್ತು ತಿರುಗಿಸುತ್ತಾರೆ. ಕಲ್ಲು ಅಲ್ಲಾಡುತ್ತದೆ. ಆಗ ಎಲ್ಲರೂ, ಪಂಡಿತರೂ ಸಹ, ಮೇಲಿನ ಕಲ್ಲನ್ನೇ ಓರೆ ಮಾಡಿ ಅನುಮಾನದಿಂದ ಪರೀಕ್ಷಿಸುತ್ತಾರೆ. ಮನೆಯಲ್ಲೇ ಉಳಿದಿದ್ದ ಕಲ್ಲನ್ನು ಬಗ್ಗಿ ನೋಡಿದವರನ್ನು ಊರವರು ಇನ್ನೂ ಕಂಡಿಲ್ಲ.